ಹೊಳೆಗೂ ಒಂದು ಆಷಾಢ

ಕಡಲು ಆಗಲೇ ಇತ್ತಂತೆ, ಘಟ್ಟವೂ ಆಗಲೇ ಇತ್ತಂತೆ. ನಡುವೆ ನಿಲ್ಲಲಿಕ್ಕೆ ಮಾತ್ರ ಒಂದಡಿ ನೆಲ ಇರಲಿಲ್ಲವಂತೆ.

ಆ ಕಾಲದಲ್ಲಿ ಘಟ್ಟದ ತಾಯಿಗೆ ಒಬ್ಬಳೇ ಮಗಳು, ಶಂಖಿನಿ ಅಂತ ಹೆಸರು. ಕೂತಲ್ಲಿ ಕೂರದ ಹುಡುಗಿ. ಕಲ್ಲು ಕಂಡರೆ ಹಾರುವುದು, ಇಳಿಜಾರು ಕಂಡರೆ ಓಡುವುದು. ಇಂಥವಳನ್ನು ಮನೆಯಲ್ಲಿ ಎಷ್ಟು ದಿನ ಇಟ್ಟುಕೊಳ್ಳಲಾದೀತು? ಕಡಲರಾಯನ ಕಡೆಯಿಂದ ಹೆಣ್ಣು ಕೇಳಿ ಬಂದರು, ಕೊಟ್ಟರು. ಕಳಿಸುವ ದಿನ ತಾಯಿ ಮಡಿಲು ತುಂಬಿದಳು. ಘಟ್ಟದ ಹೆಂಗಸು ಅಕ್ಕಿ ಕಾಯಿ ಎಲ್ಲಿಂದ ತಂದಾಳು? ಇದ್ದದ್ದನ್ನೇ ತುಂಬಿದಳು: ಕೆಂಪು ಮಣ್ಣು, ನುಣ್ಣನೆ ಮರಳು, ಕೊಳೆತ ತರಗೆಲೆ. "ದಾರಿಯಲ್ಲಿ ಚೆಲ್ಲಬೇಡ ಮಗಳೇ, ಹೊಸಿಲು ತುಳಿಯುವಾಗ ಚೆಲ್ಲು" ಅಂದಳು.

ಶಂಖಿನಿ ಬೆಟ್ಟ ಇಳಿದು, ಬಯಲು ಬಳಸಿ ಕಡಲರಾಯನ ಹೊಸಿಲಿಗೆ ಬಂದಳು. ಅಷ್ಟು ದೂರ ಓಡಿಯೇ ಬಂದವಳಿಗೆ ಅಲ್ಲಿ ಕಾಲು ತಡೆಯಿತು. ಎದುರಿಗೆ ಕಣ್ಣು ಮುಟ್ಟದಷ್ಟು ದೊಡ್ಡ ಮನೆ, ಒಳಗಿನಿಂದ ಉಪ್ಪಿನ ಗಾಳಿ. ಹೊಸಿಲ ಮೇಲೆ ಖಾಲಿ ಸೇರು ಇಟ್ಟಿದ್ದರು. ತವರಿನ ಮಣ್ಣನ್ನು ಅದಕ್ಕೆ ತುಂಬಿ, ಶಂಖಿನಿ ಬಲಗಾಲು ಎತ್ತಿ...

"ಒದ್ದಳು!" ಎಂದು ಇಲ್ಲಿ ಪುಟ್ಟ ಕೇತಕಿ ಕೂಗುತ್ತಿದ್ದಳು.

"ಒದಿಯೂದಲ್ಲ ಮಗಾ, ಹೆಬ್ಬೆರಳು ತಾಗಿಸೂದು. ಅಕ್ಕಿಯನ್ನಾಗ್ಲಿ ಮಣ್ಣನ್ನಾಗ್ಲಿ ಯಾರಾದ್ರೂ ಒದಿತ್ರಾ?" ಎಂದು ಅಜ್ಜಿ ತೊಳಸಮ್ಮ ಅವಳ ತೊಡೆಗೆ ಹಗುರಾಗಿ ತಟ್ಟುತ್ತಿದ್ದಳು.

ಹೆಬ್ಬೆರಳು ತಾಗಿತು, ಸೇರು ಉರುಳಿತು, ಮಣ್ಣು ನೀರಿನಲ್ಲಿ ಹರಡಿತು. ಹರಡಿದ್ದೇ ಎದ್ದು ನಿಂತು ಕುರ್ವೆಯಾಯಿತು. ಹೊಳೆ ಕಡಲು ಸೇರುವಲ್ಲಿ, ನೀರಿನ ನಡುವೆ ಎದ್ದ ನೆಲಕ್ಕೆ ಆ ಸೀಮೆಯಲ್ಲಿ ಕುರ್ವೆ ಅಂತಲೇ ಅನ್ನುತ್ತಾರೆ. ಅಜ್ಜಿ ಹುಟ್ಟಿದ್ದು ಅಲ್ಲಿ, ಲಗ್ನವಾಗಿ ಮನೆ ಹೊಕ್ಕಿದ್ದೂ ಅದರ ಇನ್ನೊಂದು ತುದಿಯಲ್ಲಿ. ಬೆಳ್ಳಕ್ಕಿಗಳು ಕೂರುತ್ತಿದ್ದುದರಿಂದ ಅದರ ಹೆಸರು ಬಿಳಿಕುರ್ವೆ.

ಸೇರು ಉರುಳುವ ಹೊತ್ತಿಗೆ ಸರಿಯಾಗಿ ಕೇತಕಿಗೆ ನಿದ್ದೆ ಬಂದುಬಿಡುತ್ತಿತ್ತು. ಕಥೆ ಅಲ್ಲಿಗೇ ಮುಗಿಯುತ್ತದೆ ಎಂದು ಅವಳು ತಿಳಿದಿದ್ದಳು. ದೊಡ್ಡವಳಾಗಿ, ಹೊಳೆಗಳ ವಿಜ್ಞಾನ ಓದಿ, ಕೆಲಸಕ್ಕೆ ಸೇರಿದ ಮೇಲೂ ಹಾಗೆಯೇ ತಿಳಿದಿದ್ದಳು.

*

ಆ ಕುರ್ವೆ ಈಗ ಇಲ್ಲ.

ಅದನ್ನು ಯಾರೂ ಕದ್ದದ್ದಲ್ಲ. ಘಟ್ಟದಲ್ಲಿ ಒಂದರ ಕೆಳಗೊಂದು ಅಣೆಕಟ್ಟುಗಳು ಎದ್ದವು. ಮಡಿಲ ಮಣ್ಣನ್ನೆಲ್ಲ ತಮ್ಮ ಹೊಟ್ಟೆಯಲ್ಲಿಟ್ಟುಕೊಂಡು ಬರಿಗೈಯ ಹೊಳೆಯನ್ನು ಕೆಳಕ್ಕೆ ಬಿಟ್ಟವು. ಇತ್ತ ಭೂಮಿ ಕಾಯ್ದಂತೆ ಕಡಲು ವರ್ಷ ವರ್ಷವೂ ಒಂದೊಂದು ನೂಲು ಏರಿತು. ಕೊಡುವವರು ಕೊಡಲಿಲ್ಲ, ತಿನ್ನುವವನು ಬಿಡಲಿಲ್ಲ. ಮೊದಲು ತೆಂಗಿನ ಸಾಲು ಹೋಯಿತು, ಆಮೇಲೆ ಗದ್ದೆಯ ಕಟ್ಟೆ, ಆಮೇಲೆ ಬಾವಿಯ ನೀರು. ಕೇತಕಿ ಎರಡನೇ ಇಯತ್ತೆಯಲ್ಲಿದ್ದಾಗ ಊರಿಗೆ ಊರೇ ದೋಣಿ ಹತ್ತಿತು. ಎಲ್ಲರೂ ಪಾತ್ರೆ ಪಡಗ, ಬಾಗಿಲು, ಹಂಚು ಹೇರಿಕೊಂಡರೆ ತೊಳಸಮ್ಮ ಮಾತ್ರ ಒಂದು ಮುಡಿ ಕಗ್ಗ ಭತ್ತವನ್ನು ಎದೆಗವಚಿಕೊಂಡು ಕೂತಿದ್ದಳು. ಹುಲ್ಲಿನಲ್ಲಿ ಬಿಗಿಯಾಗಿ ಸುತ್ತಿ ಕಟ್ಟಿದ ಬೀಜದ ಗಂಟು ಅದು. ಉಪ್ಪುನೀರು ನುಗ್ಗಿದ ಗದ್ದೆಯಲ್ಲೂ ತಲೆಯೆತ್ತಿ ನಿಲ್ಲುವ ಭತ್ತ ಕಗ್ಗವೊಂದೇ.

ಗುಡ್ಡದ ಮೇಲೆ ಕಟ್ಟಿಕೊಟ್ಟ ಕಾಲನಿಯಲ್ಲಿ ಅವರಿಗೆ ಸಿಕ್ಕಿದ್ದು ಮೂರನೇ ಮಹಡಿ. ಅಪ್ಪ ಅಮ್ಮ ದೂರದ ಬಂದರಿನ ಕೆಲಸಕ್ಕೆ ಹೋದದ್ದರಿಂದ ಅಜ್ಜಿ ಮೊಮ್ಮಗಳು ಇಬ್ಬರೇ. ತೊಳಸಮ್ಮ ನೀಲಿ ಡ್ರಮ್ಮುಗಳನ್ನು ಅರ್ಧಕ್ಕೆ ಕತ್ತರಿಸಿ, ಬಾಲ್ಕನಿಯಲ್ಲಿ ಸಾಲಾಗಿಟ್ಟು, ಮಣ್ಣು ತುಂಬಿ ಕಗ್ಗ ಬಿತ್ತಿದಳು. ಬೀಜ ಒಂದು ವರ್ಷ ಮಣ್ಣು ಕಾಣದಿದ್ದರೆ ಸತ್ತೇಹೋಗುತ್ತದಲ್ಲ! ನೀರಿಗೆ ಉಪ್ಪು ಹಾಕಿ, ನಾಲಿಗೆಯಿಂದ ರುಚಿ ನೋಡಿ, ಸರಿಯೆನಿಸಿದ ಮೇಲೆಯೇ ಹಾಕುವುದು.

ಕೆಳಮನೆಯ ಶಾನಭಾಗರು ವಾರಕ್ಕೊಮ್ಮೆಯಾದರೂ ಮೇಲೆ ನೋಡಿ ಕೂಗುವರು. "ತೊಳಸಮ್ಮಾ! ನಿಮ್ಮ ಸಮುದ್ರ ಮತ್ತೆ ನಮ್ಮ ಚಾದರದ ಮೇಲೆ ಇಳೀತು!"

"ಇಳೀಲಿ ಮಾರಾಯ್ರೇ. ಮೀನು ಬಂದ್ರೆ ಅರ್ಧ ನಂಗೆ ಕೊಡಿ."

ಕೇತಕಿಗೆ ಶಂಖಿನಿ ಅಳಿವೆ ಕೇಂದ್ರದಲ್ಲಿ ಕೆಲಸ ಸಿಕ್ಕ ದಿನ ಅಜ್ಜಿ ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ತೆನೆಯನ್ನು ಅಂಗೈಯಲ್ಲಿ ಉಜ್ಜುತ್ತಿದ್ದಳು. ಅರ್ಧಕ್ಕರ್ಧ ಜೊಳ್ಳು.

"ಅಜ್ಜಿ, ಹೋದ ಕುರ್ವೆಯನ್ನ ಮತ್ತೆ ಎಬ್ಬಿಸೂದೇ ನಮ್ಮ ಕೆಲಸ. ನಿನ್ನ ಬೀಜವನ್ನ ಕುರ್ವೆ ಮಣ್ಣಿಗೇ ಹಾಕಿಸ್ತೆ. ಮಾತು ಕೊಟ್ಟೆ."

ಅಜ್ಜಿ ಜೊಳ್ಳನ್ನು ಊದಿದಳು. "ಕೊಟ್ಟ ಮಾತು ತಡಾ ಮಾಡ್ಬೇಡ ಮಗಾ. ಡ್ರಮ್ಮಿನ ಬೀಜ ವರ್ಷ ವರ್ಷ ಬಡವಾಗ್ತಾ ಅದೆ. ಅದಕ್ಕೆ ಹೊಳೆ ಬೇಕು. ಅದು ಸಾಯೂದ್ರೊಳಗೆ ಮಾಡು, ಇಲ್ಲಾ ನಾ ಸಾಯೂದ್ರೊಳಗೆ ಮಾಡು. ಯಾವ್ದು ಮೊದ್ಲೋ ನಂಗೂ ಗೊತ್ತಿಲ್ಲ." ಎಂದು ನಕ್ಕಳು. ಕೇತಕಿಗೆ ನಗು ಬರಲಿಲ್ಲ.

*

ಅಳಿವೆ ಕೇಂದ್ರ ಎಂದರೆ ಹೊಳೆ ಬಾಯಿಯ ಎದುರಿನ ಗುಡ್ಡದ ನೆತ್ತಿಯಲ್ಲಿ, ಗಾಜಿನ ಗೋಡೆಯ ಒಂದು ಉದ್ದನೆ ಕೋಣೆ. ಒಂದು ಕಡೆ ನಿಜವಾದ ಹೊಳೆ ಕಾಣುತ್ತದೆ. ಇನ್ನೊಂದು ಕಡೆ ಪರದೆಯ ಮೇಲೆ ಅದೇ ಹೊಳೆ, ನೀರು ತೆಗೆದು ನೋಡಿದ ಹಾಗೆ, ತಳದ ಏರುತಗ್ಗುಗಳ ಸಮೇತ.

ಆ ತಳದಲ್ಲಿ ನೆಟ್ಟಿದ್ದ ಯಂತ್ರಕ್ಕೆ 'ಹೊಸಿಲು' ಎಂದು ಹೆಸರಿಟ್ಟವಳು ಕೇತಕಿಯೇ. ನೋಡಲಿಕ್ಕೆ ನೀರಿನಡಿಯ ಕೆಸುವಿನ ಗದ್ದೆಯಂತೆ ಇತ್ತು: ತಳದಿಂದ ಎದ್ದ ನೂರಾರು ದಂಟು, ದಂಟಿಗೊಂದು ಆಳೆತ್ತರದ ಎಲೆ, ತೆಳ್ಳಗಿನ ಗಟ್ಟಿ ಹಾಳೆಯದು. ಎಲೆ ಹರಿವಿಗೆ ಮುಖ ಕೊಟ್ಟು ನಿಂತರೆ ನೀರು ನಿಧಾನವಾಗುತ್ತದೆ, ಅಂಚು ಕೊಟ್ಟು ನಿಂತರೆ ನೀರು ಸರಾಗ ಸಾಗುತ್ತದೆ. ಎಲೆ ತಿರುಗಿಸಲು ಬೇಕಾದ ಶಕ್ತಿಯನ್ನು ಹೊಳೆಯೇ ಕೊಡುತ್ತಿತ್ತು. ದಂಟಿನ ಬುಡದಲ್ಲಿ ನೀರಿನ ವೇಗ, ಉಪ್ಪು, ಕೆಸರು ಹೇಳುವ ಒಂದು ಸಣ್ಣ ಗುಬುಟು. ಕುರ್ವೆ ಇದ್ದ ಜಾಗದ ಕಡಲ ಬದಿಗೆ ಒಂದು ಸಾಲು, ಘಟ್ಟದ ಬದಿಗೆ ಇನ್ನೊಂದು ಒಳಸಾಲು.

ಮಣ್ಣಿನ ನವಿರು ಕಣಗಳದ್ದು ಜಗಳಗಂಟ ಸ್ವಭಾವ. ಒಂದೇ ಬಗೆಯ ವಿದ್ಯುತ್ತನ್ನು ಮೈಮೇಲೆ ಹೊತ್ತುಕೊಂಡು ಒಂದನ್ನೊಂದು ದೂರ ತಳ್ಳುತ್ತಲೇ ಇರುತ್ತವೆ. ಅದಕ್ಕೇ ಸಿಹಿನೀರಿನಲ್ಲಿ ಕೆಸರು ತಳ ಕಾಣದೆ ತೇಲುವುದು. ಉಪ್ಪು ತಗಲಿತೋ, ಜಗಳ ಮರೆತು ಅಂಟಿಕೊಳ್ಳುತ್ತವೆ, ಭಾರವಾಗಿ ಕೆಳಗೆ ಇಳಿಯುತ್ತವೆ. ಹೊಳೆ ಕಡಲು ಸೇರುವಲ್ಲೇ ನೆಲ ಹುಟ್ಟುವುದು ಹೀಗೆ: ಅಲ್ಲಿ ನೀರಿಗೆ ಉಪ್ಪೂ ಸಿಗುತ್ತದೆ, ಓಟವೂ ತಗ್ಗುತ್ತದೆ. ಈ ಎರಡು ಕೆಲಸಕ್ಕೆ ಒಂದಿಷ್ಟು ಕೈಹಚ್ಚುವುದು ಹೊಸಿಲಿನ ಕೆಲಸ. ಮಳೆಗಾಲದಲ್ಲಿ ಅಣೆಕಟ್ಟಿನ ತಳದ ಬಾಗಿಲು ತೆರೆದು ಹೂಳು ಬಿಡಲಿಕ್ಕೂ ಒಪ್ಪಂದವಾಗಿತ್ತು. ಅಂತೂ ತಾಯಿ ಮತ್ತೆ ಮಡಿಲು ತುಂಬಿದ್ದಳು.

ಆದರೂ ಎರಡು ಮಳೆಗಾಲ ಹೋದವು, ಕುರ್ವೆ ಏಳಲಿಲ್ಲ.

"ಇದು ಕೊನೆ ಮಳೆಗಾಲ," ಎಂದರು ಕೇಂದ್ರದ ಮುಖ್ಯಸ್ಥೆ ಲವೀನಾ ಮೇಡಂ, ಮಳೆ ಹಿಡಿಯುವ ಮೊದಲೇ. "ಶೀಗಿ ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ನೀರಿನ ಮೇಲೆ ನೆಲ ಕಾಣದಿದ್ದರೆ ಮೇಲಿನವರು ಎಲೆಗಳನ್ನೆಲ್ಲ ಕಿತ್ತು ಬೇರೆ ಹೊಳೆಗೆ ಸಾಗಿಸ್ತಾರೆ. ನಾನು ಬೇಡ ಅಂದರೂ ನಡೆಯುವುದಿಲ್ಲ ಕೇತಕಿ. ಆ ಹೊಳೆಯವರಿಗೂ ಮುಳುಗುವ ಊರುಗಳಿವೆ."

ತಳದ ಗುಬುಟುಗಳ ಲೆಕ್ಕ ನೋಡುವವನು ಮಹಾಂತೇಶ ಹೂಗಾರ. ವಿಜಯಪುರದ ಕಡೆಯವನು, ಕೆಲಸಕ್ಕೆ ಬರುವವರೆಗೆ ಕಡಲನ್ನೇ ಕಂಡವನಲ್ಲ. ಮೇಡಂ ಹೋದ ಮೇಲೆ ಅವನು ಕುರ್ಚಿ ತಿರುಗಿಸಿದ. "ನಮ್ಮೂರಾಗ ನೀರಿಗಿ ಕಾಯ್ತೀವ್ರಿ, ಇಲ್ಲಿ ಮಣ್ಣಿಗಿ ಕಾಯೂದು. ಒಟ್ಟ ನನ್ನ ಹಣ್ಯಾಗ ಕಾಯೂದ ಬರದೈತಿ ನೋಡ್ರಿ."

ಮೃಗಶಿರ ಮಳೆ ಸುರಿಯಿತು. ಅಣೆಕಟ್ಟಿನ ತಳದ ಬಾಗಿಲು ತೆರೆದರು. ಚಹಾದ ಬಣ್ಣದ ಹೊಳೆ ತುಂಬಿ ಇಳಿದುಬಂತು. ಕಡಲ ಬದಿಯ ಸಾಲಿನ ಎಲೆಗಳೆಲ್ಲ ಘಟ್ಟಕ್ಕೆ ಮುಖ ಮಾಡಿ, ಸೆರಗೊಡ್ಡಿ ನಿಂತವು. ಪರದೆಯ ಮೇಲೆ ಹಳದಿ ಗುಡ್ಡೆಯೊಂದು ಬೆಳೆಯುತ್ತ ಹೋಯಿತು. ಕೇತಕಿ ಊಟದ ಡಬ್ಬಿ ತೆರೆಯುವುದನ್ನೂ ಮರೆತು ನೋಡಿದಳು. ಅಮಾವಾಸ್ಯೆಯ ಉಬ್ಬರ ಬಂತು, ಇಳಿಯಿತು. ಗುಡ್ಡೆ ಇದ್ದಲ್ಲಿ ಮತ್ತೆ ನೀಲಿ.

ಮತ್ತೆ ಕೂಡಿತು. ಮತ್ತೆ ಹೋಯಿತು. ಮೂರನೆಯ ಸಲವೂ ಹೋದಾಗ ಅಂಚಿನಲ್ಲಿ ಒಂದು ಹಳದಿ ಪಟ್ಟಿ ಮಾತ್ರ ಉಳಿಯಿತು. ಮಹಾಂತೇಶ ಎದ್ದು ಹೋಗಿ ಎರಡು ಕಪ್ಪು ಚಹಾ ತಂದ, ಒಂದನ್ನು ಅವಳ ಮುಂದಿಟ್ಟ, ಇನ್ನೊಂದನ್ನು ತಾನೂ ಕುಡಿಯದೆ ಕೂತ.

*

ಆ ಸಂಜೆ ಮನೆಗೆ ಬಂದರೆ ಮಹಡಿಯ ಮೆಟ್ಟಿಲ ತುಂಬ ಚಪ್ಪಲಿಗಳು. ಎದುರುಮನೆಯ ಗೌತಮಿಗೆ ಚೈತ್ರದಲ್ಲಿ ಮದುವೆಯಾಗಿತ್ತು. ಆಷಾಢಕ್ಕೆಂದು ತವರಿಗೆ ಬಂದಿದ್ದಳು. ಹೊಸ ಮದುಮಗಳು ಆಷಾಢ ತಿಂಗಳು ಅತ್ತೆಮನೆಯಲ್ಲಿ ಇರಬಾರದಲ್ಲ. ಅವಳು ತಂದ ಸಾಮಾನು ಬಾಗಿಲಲ್ಲಿ ಹಿಡಿಸದೆ ಇವರ ಮನೆಯೊಳಗೂ ಬಂದು ಕೂತಿತ್ತು: ಹಲಸಿನ ಹಪ್ಪಳದ ಡಬ್ಬಿ, ಬೆಲ್ಲ, ಒಣಮೀನು, ಯಾರಿಗೋ ಸೀರೆ.

ತೊಳಸಮ್ಮ ಹಪ್ಪಳ ಮುರಿಯುತ್ತ ಗೌತಮಿಯನ್ನು ಕೆಣಕುತ್ತಿದ್ದಳು. "ಹೋಗೂವಾಗ ಮಡಿಲಲ್ಲಿ ಒಂದ್ ಸೇರು ತಕಂಡ್ ಹೋದೆ, ಬರೂವಾಗ ಗಂಡನ ಮನೆ ಅಡಿಗೆಕೋಣೆನೇ ಹೊತ್ಕಂಡ್ ಬಂದಿಯಲ್ಲೇ!"

"ನಮ್ಮ ಅತ್ತೆಯೇ ತುಂಬಿ ಕೊಟ್ಟದ್ದು ಅಜ್ಜಿ."

"ಕೊಡೂದಲ್ದೆ ಎಂತ! ಶಂಖಿನಿ ಕಾಲದಿಂದ ನಡ್ಕಂಡ್ ಬಂದದ್ದು."

ಕೇತಕಿ ಒದ್ದೆ ಕೊಡೆಯನ್ನು ಮೂಲೆಗೆ ಇಡುತ್ತಿದ್ದವಳು ತಿರುಗಿ ನೋಡಿದಳು. "ಶಂಖಿನಿ ಎಲ್ಲಿ ವಾಪಸ್ ಬಂದ್ಲು ಅಜ್ಜಿ? ಸೇರು ಉರುಳಿಸಿ ಒಳಗೆ ಹೋದ್ಲಲ್ಲ. ಕಥೆ ಮುಗೀತಲ್ಲ."

ತೊಳಸಮ್ಮ ಹಪ್ಪಳವನ್ನು ಕೈಯಲ್ಲೇ ಹಿಡಿದು ಮೊಮ್ಮಗಳ ಮುಖ ನೋಡಿದಳು. ಆಮೇಲೆ ಮೈ ಕುಲುಕಿ ಕುಲುಕಿ ನಕ್ಕಳು. "ಅಯ್ಯೋ ನನ್ ಕರ್ಮವೇ! ಸೇರು ಉರುಳೂಕೂ ನೀ ಗೊರಕೆ ಹೊಡೆಯೂಕೂ ಒಂದೇ ಆಗ್ತಿತ್ತು. ಆಮೇಲಿಂದು ನಾ ಗೋಡೆಗೆ ಹೇಳ್ತಿದ್ದೆನಾ ಹಂಗಾರೆ?"

ಗೌತಮಿಯೂ ಹತ್ತಿರ ಸರಿದಳು. ಹೊರಗೆ ಮಳೆ ಬಾಲ್ಕನಿಯ ಡ್ರಮ್ಮುಗಳ ಮೇಲೆ ಸುರಿಯುತ್ತಿತ್ತು. ತೊಳಸಮ್ಮ ಕಥೆಯ ಉಳಿದರ್ಧ ಹೇಳಿದಳು.

ಶಂಖಿನಿ ಒಳಗೆ ಹೋದಳು, ನಿಜ. ಆದರೆ ಆಷಾಢ ಬಂದಾಗ ತಾಯಿ ನೆನಪಾದಳು. ಹೋಗಿಬರುತ್ತೇನೆ ಅಂದಳು. ಕಡಲರಾಯ ಬೇಡವೆನ್ನಲಿಲ್ಲ, ಆದರೆ ಒಂದು ಮಾತು ಹೇಳಿದ. "ನಿನ್ನ ದಿಬ್ಬಣ ಇನ್ನೂ ಬರುತ್ತಲೇ ಇದೆ ನೋಡು, ಅದಕ್ಕೆ ಎದುರಾಗಿ ನಡೆಯಬೇಡ, ಅಪಶಕುನ. ಬಗ್ಗಿ, ದಿಬ್ಬಣದ ಕಾಲಡಿ ನುಸುಳಿ ಹೋಗು." ದಿಬ್ಬಣದವರ ಕೈಯಿಂದ ದಾರಿಯುದ್ದಕ್ಕೂ ಮಡಿಲಕ್ಕಿ ಉದುರುತ್ತಿತ್ತು. ಶಂಖಿನಿ ನೆಲಕ್ಕೆ ಮೈ ಹಚ್ಚಿ ನಡೆಯುತ್ತ ಅದನ್ನೇ ಸೆರಗಿಗೆ ಆಯ್ದುಕೊಂಡಳು. ಹೊಸಿಲಲ್ಲಿ ಬಂದರೆ ಎಲ್ಲರೂ ಕಾಣುತ್ತಾರಲ್ಲ. ತವರಿನ ಹಿತ್ತಿಲ ಬಾಗಿಲಿಗೆ ಹೋಗಿ, ಸೆರಗು ಕೊಡವಿ, ತಾಯಿಯ ಕಾಲ ಬುಡದಲ್ಲಿ ಸುರಿದಳು.

"ಹೊಸಿಲಲ್ಲಿ ಚೆಲ್ಲಿದ್ದು ಶಾಸ್ತ್ರಕ್ಕೆ," ಎಂದಳು ತೊಳಸಮ್ಮ. "ಕುರ್ವೆ ಬೆಳೆದದ್ದು ಹಿತ್ತಿಲಲ್ಲಿ. ಕೊಟ್ಟದ್ದು ಹೋಯ್ತದೆ ಮಗಾ. ತಿರುಗಿ ತಂದದ್ದು ನಿಲ್ತದೆ."

ಇಷ್ಟು ದಿನ ಕೇತಕಿಯ ಕಣ್ಣ ಮುಂದೆ ಇದ್ದ ಹೊಳೆಗೆ ಒಂದೇ ದಿಕ್ಕು. ಈಗ ಅದು ಎರಡು ಪದರವಾಗಿ ಕಂಡಿತು: ಮೇಲೊಂದು ಹೋಗುತ್ತಿತ್ತು, ಅದರ ಕಾಲಡಿ ಇನ್ನೊಂದು ಬರುತ್ತಿತ್ತು.

*

"ಕಥಿ ಛಲೋ ಐತ್ರಿ," ಎಂದ ಮಹಾಂತೇಶ ಬೆಳಿಗ್ಗೆ. "ಆದ್ರ ಲವೀನಾ ಮೇಡಂ ಮುಂದ ಹಿಂಗ ಹೇಳಿದ್ರ ನಮ್ಮಿಬ್ರನ್ನೂ ಹಿತ್ತಲ ಬಾಗಲದಿಂದನ ಕಳಸ್ತಾರ."

"ಕಥೆ ಹೇಳೂದು ಬೇಡ. ತಳದ ವೇಗ ತೋರ್ಸು. ಸೋಸದೆ ಇದ್ದದ್ದು."

ಸಿಹಿನೀರು ಹಗುರ, ಉಪ್ಪುನೀರು ಭಾರ. ಬೇಸಗೆಯಲ್ಲಿ ಹೊಳೆ ಸೊರಗಿದಾಗ ಉಪ್ಪುನೀರು ತಳ ಹಿಡಿದು ಒಳಗೆ ಬರುತ್ತದೆ ಎಂಬುದು ಕೇಂದ್ರದಲ್ಲಿ ಎಲ್ಲರಿಗೂ ಗೊತ್ತು. ಮಳೆಗಾಲದ ನೆರೆ ಮಾತ್ರ ಅದನ್ನು ಗುಡಿಸಿ ಹೊರಗೆ ಹಾಕುತ್ತದೆ. ಹಳೆಯ ಅಳತೆಗಳೆಲ್ಲ ಹಾಗೆಂದೇ ಹೇಳುತ್ತಿದ್ದವು. ಆದ್ದರಿಂದ ಮಳೆ ಶುರುವಾದೊಡನೆ ಗುಬುಟುಗಳು ಹಿಮ್ಮುಖ ಹರಿವು ತೋರಿಸಿದರೆ ಅದನ್ನು ದೋಷವೆಂದು ಕಿತ್ತುಹಾಕುವ ಜರಡಿಯೊಂದನ್ನು ಲೆಕ್ಕದಲ್ಲಿ ಕೂರಿಸಿದ್ದರು. ಕಸ ಕಡ್ಡಿ ತಗಲಿ ಗುಬುಟು ತಲೆಕೆಳಗಾಗುವುದು ಮಳೆಗಾಲದಲ್ಲಿ ಮಾಮೂಲಿ. ಜರಡಿಯ ಕಣ್ಣು ಎಷ್ಟಿರಬೇಕೆಂದು ನಿಶ್ಚಯಿಸಿದ್ದು ಕೇತಕಿಯೇ.

ಮಹಾಂತೇಶ ಜರಡಿ ತೆಗೆದ. ಪರದೆಯ ಮೇಲೆ ತಳದುದ್ದಕ್ಕೂ ಸಣ್ಣ ಕೆಂಪು ಬಾಣಗಳು ಮೂಡಿದವು. ಒಂದಲ್ಲ, ಎರಡಲ್ಲ. ಎಲ್ಲವೂ ಘಟ್ಟದ ಕಡೆಗೆ ಮುಖ ಮಾಡಿದ್ದವು.

"ಇಷ್ಟೂ ಗುಬುಟ ಒಮ್ಮೆಲೇ ಹುಚ್ಚ ಹಿಡಿಯಾಕ ಸಾಧ್ಯ ಇಲ್ಲ," ಎಂದ ಅವನು ಮೆತ್ತಗೆ.

ಹಳೆಯ ಅಳತೆಗಳು ಸುಳ್ಳಾಗಿರಲಿಲ್ಲ. ಹಳೆಯ ಹೊಳೆಗೆ ಅವು ಸರಿಯೇ ಇದ್ದವು. ಈಗ ಕಡಲು ಏರಿತ್ತು, ನೆರೆಯನ್ನು ಅಣೆಕಟ್ಟುಗಳು ಅಳೆದು ಬಿಡುತ್ತಿದ್ದವು. ಕಡಲಿನ ಭಾರದ ನೀರು ಮಳೆಗಾಲದಲ್ಲೂ ತಳ ಬಿಡದೆ ಒಳಗೇ ನಿಂತಿತ್ತು. ಮೇಲಿನ ಸಿಹಿನೀರು ಕೆಸರು ಹೊತ್ತು ಹೊರಗೆ ಹೋಗುತ್ತದೆ. ಉಪ್ಪು ತಗಲಿ ಅಂಟಿಕೊಂಡ ಕೆಸರು ಕೆಳಗೆ ಉದುರುತ್ತದೆ. ಉದುರಿದ್ದನ್ನು ತಳದ ಉಪ್ಪುನೀರು ಎತ್ತಿಕೊಂಡು ಒಳಕ್ಕೆ ತರುತ್ತದೆ. ಹಾಗೆ ತರುತ್ತಿದ್ದ ಮಣ್ಣಿಗೆ ಅಡ್ಡವಾಗಿ ನಿಂತದ್ದು ಕಡಲ ಬದಿಯ ಎಲೆಸಾಲು. ತವರಿಗೆ ಹೊರಟವಳ ಮುಖಕ್ಕೆ ಇವರೇ ಬಾಗಿಲು ಹಾಕಿಕೊಂಡಿದ್ದರು.

ಲವೀನಾ ಮೇಡಂ ಕೆಂಪು ಬಾಣಗಳನ್ನು ಬಹಳ ಹೊತ್ತು ನೋಡಿದರು. "ಏನು ಮಾಡಬೇಕು ಅಂತೀ?"

"ಕಡಲ ಬದಿಯ ಸಾಲು ಪೂರ್ತಿ ತೆರೆಯೋಣ. ಒಳಸಾಲನ್ನ ಕಡಲಿಗೆ ಮುಖ ಮಾಡಿ ನಿಲ್ಲಿಸೋಣ. ಉಬ್ಬರದ ನೀರು ಅಲ್ಲಿ ಬಂದು ಮಣ್ಣು ಇಳಿಸಿ ಹೋಗಲಿ."

"ತೆರೆದರೆ ಈಗ ಅಲ್ಲಿ ಉಳಿದಿರುವಷ್ಟೂ ಕೊಚ್ಚಿಹೋಗ್ತದೆ. ಗೊತ್ತುಂಟಾ?"

"ಗೊತ್ತುಂಟು. ಅದು ಹ್ಯಾಗೂ ನಿಲ್ಲೂದಿಲ್ಲ ಮೇಡಂ. ಮೂರು ಸಲ ನೋಡಿದ್ವಲ್ಲ."

"ತಪ್ಪಾದರೆ ಇನ್ನೊಂದು ಮಳೆಗಾಲ ಇಲ್ಲ ನಮಗೆ."

ಕೇತಕಿಗೆ ಅಜ್ಜಿಯ ಅಂಗೈಯ ಜೊಳ್ಳು ನೆನಪಾಯಿತು. "ತೆರೆಯೋಣ," ಎಂದಳು.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಮರಳಿ ಹಾಕಿಕೊಂಡು, "ಆಯ್ತು. ದೇವರು ನಡೆಸಿದ ಹಾಗೆ," ಎಂದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿ, ತಾವೇ ಗುಂಡಿ ಒತ್ತಿದರು. ನೀರಿನಡಿಯಲ್ಲಿ ನೂರಾರು ಎಲೆಗಳು ಒಟ್ಟಿಗೆ ಅಂಚು ತಿರುವಿದವು. ಪರದೆಯ ಮೇಲೆ ಉಳಿದಿದ್ದ ಹಳದಿ ಪಟ್ಟಿಯೂ ನೋಡುತ್ತಿದ್ದ ಹಾಗೆಯೇ ಕರಗಿತು. ಅದನ್ನು ನೋಡಲಾರದೆ ಮಹಾಂತೇಶ ಕಿಟಕಿಯ ಕಡೆ ತಿರುಗಿದ.

ಆಷಾಢ ಕಳೆಯಿತು. ಗೌತಮಿ ಗಂಡನ ಮನೆಗೆ ಹೋದಳು. ಶ್ರಾವಣದ ಬಿಸಿಲುಮಳೆಯ ಒಂದು ದಿನ, ಒಳಸಾಲಿನ ಹಿಂದೆ, ನಡುನೀರಿನಲ್ಲಿ ಒಂದು ಬೆಳ್ಳಕ್ಕಿ ನಿಂತಿದೆ ಎಂದು ಮಹಾಂತೇಶ ಕೂಗಿದ. ಮೊಣಕಾಲವರೆಗೆ ನೀರಿತ್ತು ಅದಕ್ಕೆ. ಮರುವಾರ ಪಾದ ಮುಳುಗುವಷ್ಟು. ಅವನಿಗೆ ಯಂತ್ರದ ಲೆಕ್ಕಕ್ಕಿಂತ ಬೆಳ್ಳಕ್ಕಿಯ ಕಾಲಿನ ಮೇಲೇ ನಂಬಿಕೆ ಕುದುರಿತು. "ಇವತ್ತ ಹಕ್ಕಿ ಚಪ್ಪಲಿ ಬಿಟ್ಟ ನಿಂತಾವ್ರಿ," ಎಂದು ವರದಿ ಕೊಡುವನು. ಚೌತಿ ಮುಗಿಯುವ ಹೊತ್ತಿಗೆ ಇಳಿತದ ವೇಳೆ ಬೂದುಬಣ್ಣದ ಒಂದು ಬೆನ್ನು ನೀರಿನಿಂದ ಎದ್ದು, ಮಲಗಿದ ಎಮ್ಮೆಯ ಹಾಗೆ ಕಾಣತೊಡಗಿತು. ಬಳಚು ಚಿಪ್ಪು ಆಯುವ ಹೆಂಗಸರು ದೋಣಿ ನಿಲ್ಲಿಸಿ ನೋಡಿ ಹೋದರು.

*

ಶೀಗಿ ಹುಣ್ಣಿಮೆಯ ದಿನ ಮೇಡಂ, ಮಹಾಂತೇಶ, ಕೇತಕಿ ಅಳತೆಯ ಕೋಲುಗಳನ್ನು ತೆಗೆದುಕೊಂಡು ದೋಣಿಯಲ್ಲಿ ಹೋದರು. ತೊಳಸಮ್ಮ ಕರೆಯದೆಯೇ ಬಂದು ಕೂತಿದ್ದಳು.

"ಕೋಲು ನೆಡ್ಕಳಿ, ಬೇಡ ಅಂಬೂದಿಲ್ಲ. ಕುರ್ವೆಲಿ ನಮ್ಗೊಂದು ಪದ್ಧತಿ ಅದೆ. ಹೊಸ ಮಣ್ಣು ಎದ್ರೆ ಮನೆ ಹಿರೇ ಹೆಂಗ್ಸು ಅದ್ರ ಮೇಲೆ ಬರಿಗಾಲಲ್ಲಿ ನಿಲ್ಲಬೇಕು. ಭರತಿ ಬಂದು ಇಳಿಯೂವರೆಗೆ ಪಾದ ಒದ್ದೆ ಆಗ್ದಿದ್ರೆ ಅದು ನೆಲ. ಒದ್ದೆ ಆದ್ರೆ ಇನ್ನೂ ಹೊಳೆ."

ನಿಂತಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈ ಸೊಂಟದ ಮೇಲೆ, ಬಾಯಲ್ಲಿ ಎಲೆಯಡಿಕೆಯ ಕವಳ. ಉಬ್ಬರ ಏರಿತು. ಸುತ್ತಲಿನ ಇಳಿಜಾರು ಮುಳುಗಿತು, ಬೆನ್ನು ಕಿರಿದಾಯಿತು. ಕೊನೆಗೆ ಒಂದು ಚಾಪೆಯಷ್ಟು ಜಾಗ ಉಳಿಯಿತು, ಅದರ ನಡುವೆ ಅಜ್ಜಿ. ನೀರು ನಿಂತಿತು. ಒಂದು ಗಳಿಗೆ ಉಸಿರು ಹಿಡಿದಂತಿದ್ದು, ಹಿಂದಕ್ಕೆ ಸರಿಯಿತು.

"ನಾಲ್ಕು ಬೆರಳು ಮೇಲೆ!" ಎಂದು ಮೇಡಂ ಕೋಲು ನೋಡಿ ಕೂಗಿದರು. ಮಹಾಂತೇಶ ದೋಣಿಯಲ್ಲೇ ಎದ್ದು ಕುಣಿಯಲು ಹೋಗಿ ದೋಣಿ ಹೊಯ್ದಾಡಿತು.

ತೊಳಸಮ್ಮ ಮಾತ್ರ ತನ್ನ ಕಾಲನ್ನೇ ನೋಡುತ್ತಿದ್ದಳು. ಮೆತ್ತಗಿನ ಮಣ್ಣಿನಲ್ಲಿ ಅದು ಹಿಮ್ಮಡಿಯವರೆಗೆ ಹೂತಿತ್ತು. ಬೆರಳುಗಳ ಸಂದಿಯಿಂದ ತಳದ ನೀರು ಒಸರುತ್ತಿತ್ತು.

"ಒದ್ದೆ," ಎಂದಳು. "ಇನ್ನೂ ಹೊಳೆ."

"ಅಜ್ಜೀ!" ಕೇತಕಿಗೆ ಅಳುವೇ ಬಂತು. "ಕೋಲು ಹೇಳ್ತಾ ಅದೆಯಲ್ಲೇ! ಮೇಡಂ ಎದ್ರು ಹಂಗೆಲ್ಲ ಹೇಳ್ಬೇಡ."

"ಕೋಲಿಗೆ ಕಾಲದೆಯೇನೆ?"

ಮೇಡಂ ನಕ್ಕುಬಿಟ್ಟರು. "ಎಲೆ ಕೀಳೋದು ಬಿಡೋದು ಕೋಲಿನ ಮಾತಿನ ಮೇಲೆ ಅಜ್ಜಿ. ಅದು ಆಯ್ತು, ಹೊಸಿಲು ಇಲ್ಲೇ ಉಳೀತದೆ. ಇದು ನೆಲವೋ ಹೊಳೆಯೋ ಅನ್ನೋದು ನಿಮ್ಮ ಮಾತಿನ ಮೇಲೆ."

ತೊಳಸಮ್ಮ ಕೇತಕಿಯ ಭುಜ ಹಿಡಿದು ದೋಣಿ ಹತ್ತಿದಳು. ಹತ್ತಿದ ಮೇಲೂ ಆ ಕೈ ತೆಗೆಯಲಿಲ್ಲ. "ಹಸಿ ಬಾಣಂತಿ ಮಗಾ ಅದು. ಹಸಿ ಬಾಣಂತಿ ಮೇಲೆ ಯಾರಾದ್ರೂ ಭಾರ ಹೊರಿಸ್ತ್ರಾ? ಅದರ ಅಂಚಿಗೆ ಉಪ್ಪುನೀರಲ್ಲೇ ಬೆಳೆಯೂ ಕಾಂಡ್ಲಾ ಗಿಡ ಹಾಕಿ, ಬೇರು ಹಿಡ್ಕಳ್ತದೆ. ಒಂದು ಬೇಸಗೆ ಬಿಸಿಲು ಕುಡೀಲಿ, ಒಂದು ಮಳೆ ಕುಡೀಲಿ. ನಾ ಕಾಯ್ತೆ."

"ಬೀಜ?"

"ಬೀಜಾನೂ ಕಾಯ್ತದೆ. ಈಗ ಅದಕ್ಕೂ ಸುದ್ದಿ ಮುಟ್ಟಿತಲ್ಲ."

*

ಕಾಂಡ್ಲಾ ನೆಟ್ಟರು. ಬಳಚು ಆಯುವ ಹೆಂಗಸರೂ ಬಂದರು, ಶಾನಭಾಗರೂ ಧೋತರ ಎತ್ತಿ ಕಟ್ಟಿ ಬಂದರು. ಮಹಾಂತೇಶ ನೆಟ್ಟ ಗಿಡಗಳೆಲ್ಲ ಓರೆಯಾಗಿದ್ದವು, ಆದರೆ ಒಂದೂ ಸಾಯಲಿಲ್ಲ. ಇನ್ನೊಂದು ಆಷಾಢದಲ್ಲಿ ಹೊಳೆ ಮತ್ತೆ ಬಗ್ಗಿ, ತಳ ಹಿಡಿದು, ಸೆರಗು ತುಂಬ ಮಣ್ಣು ತಂದು ಹಿತ್ತಿಲಲ್ಲಿ ಸುರಿದು ಹೋಯಿತು. ಏಡಿಗಳು ಬಿಲ ತೋಡಿದವು. ಬೇಸಗೆಯಲ್ಲಿ ಮಣ್ಣಿನ ಮೇಲೆ ಮೊದಲ ಬಿರುಕು ಕಂಡಾಗ ತೊಳಸಮ್ಮ ಅದನ್ನು ಮೊಮ್ಮಗುವಿನ ಮೊದಲ ಹಲ್ಲು ಕಂಡವಳಂತೆ ಎಲ್ಲರಿಗೂ ತೋರಿಸಿದಳು.

ಅದರ ಮುಂದಿನ ಮೃಗಶಿರ ಮಳೆ ಹಿಡಿಯುವ ಮೊದಲೇ ಡ್ರಮ್ಮುಗಳ ಬೀಜವನ್ನೆಲ್ಲ ತೂರಿದಳು. ಜೊಳ್ಳು ಹೋಗಿ ಗಟ್ಟಿ ಉಳಿದದ್ದು ಒಂದೇ ಸೇರು. ಅದನ್ನು ನೆನೆಹಾಕಿ, ಎಲೆ ಮುಚ್ಚಿ, ಕಲ್ಲು ಹೇರಿ ಮೊಳಕೆ ಬರಿಸಿದಳು. ಹುಣ್ಣಿಮೆಯ ಬೆಳಿಗ್ಗೆ ದೋಣಿ ಹೊರಟಿತು. ಕಳೆದ ಚಳಿಯಲ್ಲಿ ಅಜ್ಜಿಯ ಮೊಣಕಾಲು ಸೋತಿತ್ತು. ಕೇತಕಿ ಒಂದು ಕಡೆ, ಮಹಾಂತೇಶ ಒಂದು ಕಡೆ ಹಿಡಿದು ಇಳಿಸಿದರು.

"ಬಿಡಿ ಇನ್ನು," ಎಂದಳು ಅಜ್ಜಿ. ಬಿಟ್ಟರು.

ತೊಳಸಮ್ಮ ಒಬ್ಬಳೇ ನಿಂತಳು. ಉಬ್ಬರ ಬಂತು. ಕಾಂಡ್ಲಾ ಗಿಡಗಳ ಬುಡ ತೊಯ್ದಿತು, ಏಡಿಗಳ ಬಿಲ ತುಂಬಿತು, ಅಲ್ಲಿಗೇ ನಿಂತಿತು. ಮೋಡ ಸರಿದು ಬಿಸಿಲು ಬಿತ್ತು, ಮತ್ತೆ ಮುಚ್ಚಿತು. ಯಾರೂ ಕೋಲು ನೋಡಲಿಲ್ಲ. ನೀರು ಇಳಿದ ಮೇಲೆ ಅಜ್ಜಿ ಬಲಗಾಲು ಎತ್ತಿ, ಅಂಗಾಲನ್ನು ಮೊಮ್ಮಗಳ ಕಡೆಗೆ ತಿರುಗಿಸಿದಳು.

ಕೇತಕಿ ಬಗ್ಗಿ ಅಂಗೈಯಿಂದ ಒರೆಸಿದಳು. ಕೈಗೆ ಹತ್ತಿದ್ದು ಒಣ ಧೂಳು.

"ಎಂತಾ ಹೇಳ್ತೆ?" ಎಂದಳು ಅಜ್ಜಿ.

"ನೆಲ," ಎಂದಳು ಕೇತಕಿ.

ಮೊಳಕೆಯ ಸೇರನ್ನು ತಂದು ಅಜ್ಜಿಯ ಮುಂದೆ ಮಣ್ಣಿನ ಮೇಲೆ ಇಟ್ಟಳು. ತೊಳಸಮ್ಮ ಬಗ್ಗಿ ಮುಷ್ಟಿ ತುಂಬಿಕೊಳ್ಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಬಗ್ಗಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡಳು, ಬಾಯಿಯ ಕವಳವನ್ನು ಒಂದು ದವಡೆಗೆ ಸರಿಸಿದಳು, ಸೀರೆಯ ನೆರಿಗೆಯನ್ನು ಎಡಗೈಯಲ್ಲಿ ತುಸು ಎತ್ತಿ ಹಿಡಿದಳು.

"ಅಯ್ಯ, ಅಜ್ಜಿ ಒದೀತಾಳ್ರಿ!" ಎಂದ ಮಹಾಂತೇಶ.

"ಒದಿಯೂದಲ್ಲ," ಎಂದಳು ಕೇತಕಿ.

ತೊಳಸಮ್ಮ ಬಲಗಾಲು ಮುಂದಿಟ್ಟು ಹೆಬ್ಬೆರಳು ತಾಗಿಸಿದಳು. ಸೇರು ಉರುಳಿತು. ಬಿಳಿ ಮೊಳಕೆಯ ಬೀಜಗಳು ಬಿಳಿಕುರ್ವೆಯ ಮಣ್ಣಿನ ಮೇಲೆ ಹರಡಿದವು.